ಸಾಕು ಅಂದರೆ ಹಾಕು

ನಮ್ಮವ್ವ ಬಡಿಸುವಾಗ ‘ಸಾಕು’ ಅಂದರೆ ತಾಟಿಗೆ ಇನ್ನೊಂದು ಸೌಟು ಬೀಳುತ್ತಿತ್ತು. ಬೀಗರು ಬಂದರೂ ಹಾಗೇ, ಬಾಡಿಗೆಗೆ ಇದ್ದ ಮಾಸ್ತರು ಬಂದರೂ ಹಾಗೇ. ‘ಅವ್ವನ ಕೈ ದೊಡ್ಡದು’ ಎಂದು ಓಣಿಯಲ್ಲೆಲ್ಲ ಹೆಸರಾಗಿತ್ತು. ಅವ್ವನಿಗೆ ‘ಸಾಕು’ ಎಂಬುದು ‘ಹಾಕು’ ಎಂದು ಕೇಳುತ್ತಿತ್ತು ಅನ್ನುವುದು ನಮಗೆ ಗೊತ್ತಾಗಿದ್ದು ತೀರ ಈಚೆಗೆ, ಒಂದು ಅಮಾವಾಸ್ಯೆಯ ಮುಂಜಾನೆ, ನೂಲಿನ ಗೋದಾಮಿನೊಳಗೆ.

ನಮ್ಮದು ಬಾಗಲಕೋಟೆ ಜಿಲ್ಲೆಯ ಬನಹಟ್ಟಿ. ರಬಕವಿ, ಬನಹಟ್ಟಿ ಎರಡೂ ಕೂಡಿಯೇ ಊರು, ಎರಡಕ್ಕೂ ಮಗ್ಗವೇ ಉಸಿರು. ನಮ್ಮ ಓಣಿಯಲ್ಲಿ ಪಡಸಾಲೆ ದಾಟಿದರೆ ಮಗ್ಗದ ಕೋಣೆ, ಅದರ ಬಾಗಿಲಾಚೆ ಅಡುಗೆಮನೆ. ನಾಲ್ಕು ಪಾವರಲೂಮು ಒಟ್ಟಿಗೆ ಓಡುವಾಗ ಗೋಡೆಗೆ ಕೈ ಹಚ್ಚಿದರೆ ಕೈ ನಡುಗುತ್ತದೆ. ಅದೇ ಕೋಣೆಯ ಮೂಲೆಯಲ್ಲಿ ರಾಟಿ ಇಟ್ಟುಕೊಂಡು ಅವ್ವ 28 ವರ್ಷ ಕಂಡಿಕಿ, ಅಂದರೆ ಲಾಳಿಯೊಳಗೆ ಕೂಡಿಸುವ ನೂಲಿನ ಉರುಳೆ, ಸುತ್ತಿದ್ದಾಳೆ. ಅಲ್ಲಿ ಮಾತು ಕಡಿಮೆ, ಕೈಸನ್ನೆ ಹೆಚ್ಚು. ಎರಡು ಬೆರಳು ತುಟಿಗೆ ತಂದರೆ ಚಹಾ, ಹಣೆಗೆ ಕೈ ಹಚ್ಚಿದರೆ ಮಾಲಕ ಬಂದ. ನಾವು ಮಕ್ಕಳು ಮಾತು ಕಲಿಯುವ ಮೊದಲೇ ಈ ಸನ್ನೆ ಕಲಿತವರು.

ನಾನು ನೇಕಾರರ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ. ವೈದ್ಯಕೀಯ ಕಾಲೇಜೊಂದರ ಸಮುದಾಯ ಆರೋಗ್ಯ ವಿಭಾಗದವರು ಕಿವಿಯ ಸಮೀಕ್ಷೆಗೆಂದು ಬಂದಾಗ ಮೊದಲು ವಿಚಾರಿಸಿದ್ದು ನಮ್ಮ ಸೊಸೈಟಿಯಲ್ಲಿ. ಹೀಗೆ ಈ ಕೆಲಸ ನನ್ನ ಪಾಲಿಗೆ ಬಂತು. ಓಣಿ ತೋರಿಸುವುದು, ಜನರನ್ನು ಮಾತಾಡಿಸುವುದು, ಇಷ್ಟೇ ಎಂದುಕೊಂಡಿದ್ದೆ.

ಮೊದಲ ವಾರ ಏನೂ ಆಗಲಿಲ್ಲ. ಹುಡುಗರು, ಹುಡುಗಿಯರು ಅಚ್ಚು ಹಾಕಿದ ಪ್ರಶ್ನಾವಳಿ ಹಿಡಿದು ಹಗಲು ಹನ್ನೊಂದಕ್ಕೆ ಮಗ್ಗದ ಕೋಣೆಗೆ ಹೋಗುತ್ತಿದ್ದರು. ‘ನಿಮಗೆ ಶ್ರವಣ ಸಮಸ್ಯೆ ಇದೆಯೇ?’ ಎಂಬುದು ಮೊದಲ ಪ್ರಶ್ನೆ. ಮಗ್ಗ ಓಡುತ್ತಿರುವಾಗಲೇ ಕೇಳುವುದು. ಎರಡು ಸಲ ‘ಏನಂದ್ರಿ?’ ಎಂದವರೂ ಮೂರನೇ ಸಲಕ್ಕೆ ‘ಇಲ್ರೀ, ಛಲೋ ಅದಾವ’ ಎಂದೇ ಬರೆಸಿದರು. ಸಂಜೆ ಹಾಳೆ ಕೂಡಿಸಿ ನೋಡಿದರೆ ಬನಹಟ್ಟಿಯ ಕಿವಿಗಳೆಲ್ಲ ಆರೋಗ್ಯವಾಗಿದ್ದವು. ಆ ಹಾಳೆಗಳು ಹಾಗೇ ವರದಿಯಾಗಿ ಹೋಗಿದ್ದರೆ ನಮ್ಮೂರಲ್ಲಿ ತೊಂದರೆಯೇ ಇಲ್ಲ ಎಂದು ಎಲ್ಲೋ ದಾಖಲಾಗುತ್ತಿತ್ತು. ಈಗಲೂ ಅದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ.

ತಂಡದ ಮುಖ್ಯಸ್ಥೆ ಡಾಕ್ಟರ್ ಮೇಡಂ ಹಾಳೆ ನೋಡಿ ಸುಮ್ಮನಾದರು. ‘ಇದು ಖರೇ ಅನಸ್ತದೇನು ನಿಮಗ?’ ಎಂದು ನನ್ನನ್ನು ಕೇಳಿದರು. ‘ಇಲ್ರಿ ಮೇಡಂ’ ಅಂದೆ. ‘ಹಂಗಾರ ಮಂದಿನ್ನ ಕೂಡಸ್ರಿ, ಅವರನ್ನ ಕೇಳೂಣು’ ಎಂದರು.

ಗುಡಿಯ ಪೌಳಿಯಲ್ಲಿ ಕೂಡಿದೆವು. ಎಲ್ಲರಿಗಿಂತ ಮೊದಲು ಎದ್ದವರು ನಮ್ಮ ಓಣಿಯ ಹಿರಿಯ ಅಜ್ಜ. ‘ಹ್ವಾದ ಸಲ ಯಾರೋ ಬಂದು ರಕ್ತಾ ತಗೊಂಡ ಹ್ವಾದ್ರು. ನನ್ನ ರಕ್ತದಾಗ ಏನಿತ್ತು ಅಂತ ಇನ್ನತನಾ ನನಗ ಯಾರೂ ಹೇಳಿಲ್ಲ. ಈಗ ನೀವು ಕಿವಿ ಒಯ್ಯಾಕ ಬಂದೀರೇನು?’ ಆ ಮಾತಿಗೆ ಯಾರೂ ನಗಲಿಲ್ಲ. ಮೇಡಂ ಕುರ್ಚಿ ಬಿಟ್ಟು ಚಾಪೆಯ ಮೇಲೆ ಬಂದು ಕೂತರು. ‘ಅಜ್ಜಾರ, ಬಂದವರು ಬ್ಯಾರೆಯವರು ಇರಬಹುದು. ಆದ್ರ ತಪ್ಪು ನಮ್ಮಂಥವರದ. ಈ ಸಲ ನಿಮ್ಮ ಚೀಟಿ ನಿಮ್ಮ ಕೈಯಾಗ ಕೊಡದ ಊರು ಬಿಡಂಗಿಲ್ಲ’ ಎಂದರು. ಅಜ್ಜ ‘ಬರದು ಕೊಡ್ರಿ’ ಎಂದರು. ಅಲ್ಲೇ, ನನ್ನ ಲೆಕ್ಕದ ವಹಿಯ ಹಾಳೆ ಹರಿದು ಬರೆದೆವು. ಪ್ರತಿಯೊಬ್ಬರ ಫಲಿತಾಂಶ ಅವರ ಕೈಗೆ, ಅವರ ಭಾಷೆಯಲ್ಲಿ. ಪ್ರಶ್ನೆಗಳನ್ನು ಓಣಿಯವರು ನೋಡಿದ ಮೇಲೆಯೇ ಕೇಳುವುದು. ಮಜೂರಿ ತಪ್ಪಿದರೆ ತುಂಬಿಕೊಡುವುದು. ಎರಡೂ ಕಡೆಯವರು ಸಹಿ ಮಾಡಿದರು. ದೊಡ್ಡ ಒಡಂಬಡಿಕೆಗಳಿಗೆ ಬಾಂಡ್ ಪೇಪರು, ಮೊಹರು ಎಲ್ಲ ಇರುತ್ತವೆ, ಗೊತ್ತು. ನಮ್ಮ ಕೆಲಸ ನಡೆದಿದ್ದು ಆ ಗೆರೆ ಹಾಳೆಯ ಮೇಲೆ.

‘ಇದರಿಂದ ನಮಗೇನು ಬರತೈತ್ರಿ?’ ಎಂದು ಒಬ್ಬರು ನೇರವಾಗಿ ಕೇಳಿದರು. ಮೇಡಂ ಆಗ ಬೆಳಗಾವಿಯ ಸಂಗತಿ ಹೇಳಿದರು. 2002ರಿಂದ 2005ರ ನಡುವೆ ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ವಿಶ್ವವಿದ್ಯಾಲಯಗಳ ಜೊತೆ ಸೇರಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ಹೆರಿಗೆಯಾದ ಮೇಲೆ ರಕ್ತ ಹರಿದು ತಾಯಂದಿರು ಸಾಯುವುದನ್ನು ತಡೆಯಲು ಮಿಸೊಪ್ರೊಸ್ಟಾಲ್ ಗುಳಿಗೆ. ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ಊರಲ್ಲಿ ಹೆರಿಗೆ ಮಾಡಿಸುತ್ತಿದ್ದ ಕಿರಿಯ ಆರೋಗ್ಯ ಸಹಾಯಕಿಯರು, ನಾವು ‘ಸಿಸ್ಟರ್’ ಎಂದು ಕರೆಯುವವರು. 1620 ತಾಯಂದಿರು ಒಪ್ಪಿ ಸೇರಿದ್ದರು. ಗುಳಿಗೆ ಸಿಗದವರಲ್ಲಿ ನೂರಕ್ಕೆ 12 ಮಂದಿಗೆ ವಿಪರೀತ ರಕ್ತಸ್ರಾವವಾದರೆ, ಗುಳಿಗೆ ತೆಗೆದುಕೊಂಡವರಲ್ಲಿ ಅದು 6.4ಕ್ಕೆ ಇಳಿಯಿತು. 2006ರಲ್ಲಿ ಅದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಉದ್ದೇಶಕ್ಕೆ ಆ ಗುಳಿಗೆಯನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ‘ನಮ್ಮ ಬಾಜೂ ಜಿಲ್ಲೆಯ ಹೆಣ್ಣುಮಕ್ಕಳು ಒಪ್ಪಿದ್ದಕ್ಕ ಎಲ್ಲೆಲ್ಲಿಯೋ ತಾಯಂದಿರು ಉಳದ್ರು’ ಎಂದರು ಮೇಡಂ. ಪೌಳಿಯಲ್ಲಿ ಹೆಂಗಸರು ಆ ಮಾತಿಗೆ ತಲೆ ಎತ್ತಿದ್ದನ್ನು ನಾನು ಕಂಡೆ.

ಅವರೊಳಗಿಂದಲೇ ಮುಂದಿನ ಪ್ರಶ್ನೆಯೂ ಬಂತು. ಸಮೀಕ್ಷೆಯ ಯಾದಿಯಲ್ಲಿ ನೇಕಾರರ ಹೆಸರಷ್ಟೇ ಇತ್ತು, ಅಂದರೆ ಮಗ್ಗ ಓಡಿಸುವವರದು, ಅಂದರೆ ಬಹುಪಾಲು ಗಂಡಸರದು. ಆ ಯಾದಿ ಕೊಟ್ಟವಳು ನಾನೇ, ಸೊಸೈಟಿಯ ವಹಿಯಿಂದ ಇಳಿಸಿಕೊಟ್ಟಿದ್ದೆ. ನಮ್ಮವ್ವನ ಹೆಸರು ಅದರಲ್ಲಿ ಇಲ್ಲ ಅನ್ನುವುದು ಬರೆಯುವಾಗ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಹಿಂದಿನ ಸಾಲಿನಿಂದ ಅವ್ವನ ಗೆಳತಿ ಎದ್ದು ‘ನಾವ್ ನೇಕಾರ್ರಲ್ಲೇನ್ರಿ? ಕಂಡಿಕಿ ಇಲ್ದ ಲಾಳಿ ಏನ್ ಒಯ್ತೈತಿ?’ ಎಂದು ಕೇಳಿದಳು. ಅದೇ ಕೋಣೆ, ಅದೇ ಸಪ್ಪಳ, ಅಷ್ಟೇ ತಾಸು. ಅಡುಗೆಯೂ ಆ ಸಪ್ಪಳದ ಪಕ್ಕದಲ್ಲೇ ಆಗುವುದರಿಂದ ಹೆಂಗಸರಿಗೆ ಒಂದೆರಡು ತಾಸು ಹೆಚ್ಚೇ. ಅವತ್ತು ರಾತ್ರಿ ಕೂತು ಯಾದಿ ಹೊಸದಾಗಿ ಬರೆದೆ. ಕಂಡಿಕಿ ಸುತ್ತುವವರು, ಹಾಸು ಹೂಡುವವರು, ಸೀರೆ ಮಡಿಸುವವರು. ಹಾಳೆ ಎರಡರಷ್ಟು ಉದ್ದವಾಯಿತು.

ಪ್ರಶ್ನೆ ಬದಲಿಸುವ ಕೆಲಸ ಮೂರು ಸಂಜೆ ಹಿಡಿಯಿತು. ಇಡೀ ಅನುಭವದಲ್ಲಿ ನನಗೆ ಬಹಳ ಪ್ರೀತಿಯ ಭಾಗ ಇದು. ‘ಶ್ರವಣ ಸಮಸ್ಯೆ’ ಎಂದರೆ ನಮ್ಮಲ್ಲಿ ಕಿವುಡುತನ, ಕಿವುಡ ಎನಿಸಿಕೊಳ್ಳಲು ಯಾರೂ ತಯಾರಿಲ್ಲ. ಹಾಗಾದರೆ ಹೇಗೆ ಕೇಳಬೇಕು? ಒಬ್ಬ ಕಾಕಾ ಹೇಳಿದರು: ‘ಮಗ್ಗ ನಿಂತ ಮ್ಯಾಲ ಕಿವ್ಯಾಗ ಗುಂಯ್ ಅಂತೈತೇನು, ಎಷ್ಟೊತ್ತ ಅಂತೈತಿ ಅಂತ ಕೇಳ್ರಿ. ಅದಕ್ಕ ಯಾರೂ ಇಲ್ಲ ಅನ್ನಂಗಿಲ್ಲ.’ ಇನ್ನೊಬ್ಬರು ‘ಟಿವಿ ಸಪ್ಪಳ ಕಡಿಮಿ ಮಾಡ್ರಿ ಅಂತ ಮಕ್ಕಳು ಬೈತಾರೇನು’ ಎಂಬುದನ್ನು ಸೇರಿಸಿದರು. ಫೋನಿನಲ್ಲಿ ಮಗಳ ಮಾತು ತಿಳಿಯದೆ ಅಳಿಯನ ಕೈಗೆ ಕೊಡು ಎನ್ನುತ್ತೇನೆ ಎಂದು ಒಬ್ಬ ತಾಯಿ ಹೇಳಿದರು, ಅದೂ ಪ್ರಶ್ನೆಯಾಯಿತು. ಕಡೆಗೆ ಅವ್ವನ ಗೆಳತಿಯೇ, ‘ಊಟಕ್ಕ ಕುಂತವರು ಸಾಕು ಅಂದ್ರ ನನಗ ಹಾಕು ಅಂತನ ಕೇಳತೈತ್ರಿ’ ಎಂದಳು. ಅವ್ವ ತಟ್ಟನೆ ತಿರುಗಿ ಆಕೆಯ ಮುಖ ನೋಡಿದಳು. ನಾನು ಅವ್ವನನ್ನು ನೋಡಿದೆ.

ಜೊತೆಗಿದ್ದ ಆಡಿಯಾಲಜಿಸ್ಟ್ ಹುಡುಗಿ, ಕಿವಿ ಪರೀಕ್ಷೆ ಮಾಡುವವಳು, ಪೆನ್ನು ಕೆಳಗಿಟ್ಟಳು. ‘ಸ’ ಅಕ್ಷರದ ಸಪ್ಪಳ ಬಹಳ ಮೇಲಿನ ಶ್ರುತಿಯದು, ಗದ್ದಲದಿಂದ ಕಿವಿ ಹಾಳಾದಾಗ ಮೊದಲು ಪೆಟ್ಟು ಬೀಳುವುದು ಅದರ ಹತ್ತಿರದ 4000 ಹರ್ಟ್ಜ್‌ಗೆ ಎಂದು ವಿವರಿಸಿದಳು. ಆ, ಓ, ಊ ಮುಂತಾದ ಸ್ವರಗಳು ಕೆಳಗಿನ ಶ್ರುತಿಯವು, ಅವು ಉಳಿಯುತ್ತವೆ. ಹಾಗಾಗಿ ಮಾತು ಕೇಳುತ್ತದೆ, ಆದರೆ ತಿಳಿಯುವುದಿಲ್ಲ. ನಮ್ಮ ಹಿರಿಯರು ‘ಕೇಳತೈತಿ, ತಿಳಿಯಂಗಿಲ್ಲ’ ಎಂದು ಎಷ್ಟೋ ವರ್ಷದಿಂದ ಹೇಳುತ್ತಿದ್ದುದು ಅಕ್ಷರಶಃ ಇದನ್ನೇ. ವಯಸ್ಸಾಯಿತು, ಲಕ್ಷ್ಯ ಇಲ್ಲ ಎಂದು ನಾವು ಅವರನ್ನೇ ಬೈಯುತ್ತಿದ್ದೆವು.

ಇನ್ನು ಪರೀಕ್ಷೆಯ ದಿನ. ಗದ್ದಲದಿಂದ ಎದ್ದು ಬಂದ ಕಿವಿ ತಾತ್ಪೂರ್ತಿಕವಾಗಿ ಮಂದವಾಗಿರುತ್ತದೆ, 14 ತಾಸಾದರೂ ಸಪ್ಪಳವಿಲ್ಲದೆ ಇರಬೇಕು, ಆಗಲೇ ನಿಜವಾದ ಲೆಕ್ಕ ಸಿಗುತ್ತದೆ. ತಂಡದವರು ರವಿವಾರ ಎಂದು ನಿಗದಿ ಮಾಡಿದ್ದರು. ರವಿವಾರ ನಮ್ಮ ಓಣಿಯ ಮಗ್ಗ ನಿಲ್ಲುವುದಿಲ್ಲ, ನಿಲ್ಲುವುದು ಅಮಾವಾಸ್ಯೆಗೆ. ಒಬ್ಬರ ಮನೆಯ ಮಗ್ಗ ನಿಂತರೂ ಸಾಲದು, ಗೋಡೆ ಗೋಡೆ ಹತ್ತಿದ ಓಣಿಯಲ್ಲಿ ಪಕ್ಕದ ಮನೆಯದೂ ನಿಲ್ಲಬೇಕು. ಅಮಾವಾಸ್ಯೆಯ ಹಿಂದಿನ ಸಂಜೆ 6ಕ್ಕೇ ಇಡೀ ಓಣಿ ಬಂದ್ ಮಾಡುವುದು, ಮುಂಜಾನೆ 8ಕ್ಕೆ ಪರೀಕ್ಷೆ ಎಂದು ಹಿರಿಯರು ಗೊತ್ತುಪಡಿಸಿದರು. ಆ ಸಂಜೆಯ ತಾಸುಗಳ ಮಜೂರಿ ತುಂಬಿಕೊಡಲು ಮೇಡಂ ಕಾಲೇಜಿನ ನೈತಿಕ ಸಮಿತಿಯ, ಅಂದರೆ ಸಂಶೋಧನೆಯಲ್ಲಿ ಜನರಿಗೆ ಅನ್ಯಾಯವಾಗದಂತೆ ನೋಡುವವರ, ಅನುಮತಿ ಕೇಳಿ ತಂದರು. ಇಂಥ ಸಮಿತಿಗಳಲ್ಲಿ ಡಾಕ್ಟರುಗಳ ಜೊತೆ ಕಾನೂನು ಬಲ್ಲವರು, ಸಾಮಾನ್ಯ ಜನರ ಪೈಕಿ ಒಬ್ಬರು ಇರಬೇಕು, ಅಧ್ಯಕ್ಷರು ಹೊರಗಿನವರೇ ಆಗಿರಬೇಕು ಎಂಬ ನಿಯಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿದೆ. ತಪ್ಪಿದ ಕೂಲಿ ತುಂಬಿಕೊಡುವುದಕ್ಕೂ ಅದರಲ್ಲಿ ಅವಕಾಶವಿದೆ. ಕೇಳಬಹುದು ಎಂಬುದು ನಮಗೆ ಗೊತ್ತಿರಲಿಲ್ಲ, ಅಷ್ಟೇ.

ಒಪ್ಪಿಗೆ ಪತ್ರವನ್ನೂ ಹೊಸದಾಗಿ ಬರೆದೆವು. ‘ಪಾಲ್ಗೊಳ್ಳುವಿಕೆಯು ಸಂಪೂರ್ಣವಾಗಿ ಸ್ವಯಂಪ್ರೇರಿತವಾಗಿದ್ದು’ ಎಂದು ಇದ್ದುದು ‘ಬರೋದು ಬಿಡೋದು ನಿಮ್ಮ ಮರ್ಜಿ, ನಡುವ ಎದ್ದು ಹ್ವಾದ್ರೂ ಯಾರೂ ಯಾಕ ಅಂತ ಕೇಳಂಗಿಲ್ಲ’ ಎಂದಾಯಿತು. ಆದರೆ ಜನ ಹೆದರಿದ್ದು ಅದಕ್ಕಲ್ಲ. ಒಬ್ಬ ಹುಡುಗ, ಕೂಲಿಗೆ ಮಗ್ಗ ಓಡಿಸುವವನು, ನನ್ನನ್ನು ಬದಿಗೆ ಕರೆದು ‘ಅಕ್ಕಾ, ನನ್ನ ಕಿವಿ ಹೋಗ್ಯಾವಂತ ಮಾಲಕರಿಗೆ ಗೊತ್ತಾದ್ರ ಕೆಲಸದಾಗಿಂದ ತಗೀತಾರ’ ಎಂದ. ಅವನ ಮಾಲಕರು ನಮ್ಮ ಸೊಸೈಟಿಯ ಸದಸ್ಯರು, ದಿನಾ ನನ್ನ ಮೇಜಿನ ಮುಂದೆ ಬಂದು ಕೂಡುವವರು. ಹಾಗಾಗಿ ಫಲಿತಾಂಶದ ಯಾದಿ ನನ್ನ ಕೈಗೆ ಬರಕೂಡದು ಎಂದು ನಾನೇ ಮೇಡಂಗೆ ಹೇಳಿದೆ. ಹಾಳೆಯ ಮೇಲೆ ಹೆಸರಿನ ಬದಲು ನಂಬರು, ಹೆಸರು ಮತ್ತು ನಂಬರಿನ ಜೋಡಣೆ ಕಾಲೇಜಿನ ಬೀಗದೊಳಗೆ. ಮಾಲಕರಿಗೆ ಯಾರೊಬ್ಬರದೂ ಹೇಳುವುದಿಲ್ಲ ಎಂಬ ಸಾಲನ್ನು ಒಪ್ಪಿಗೆ ಪತ್ರದ ಮೊದಲಿಗೇ ದಪ್ಪ ಅಕ್ಷರದಲ್ಲಿ ಹಾಕಿಸಿದೆವು. ಆ ಸಾಲು ಬಂದ ಮೇಲೆಯೇ ಕೂಲಿ ನೇಕಾರರು ಹೆಸರು ಕೊಟ್ಟಿದ್ದು.

ಜಾಗ ಹುಡುಕಿದ್ದೂ ಓಣಿಯವರೇ. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಸಪ್ಪಳ ಬಾರದ ಕೋಣೆ ಇರುತ್ತದೆಯಂತೆ, ಅದನ್ನು ಹೊತ್ತು ತರಲಾಗದು. ಶಾಲೆಯ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಮಾರ್ದನಿ. ಆಗ ಹಮಾಲರೊಬ್ಬರು ‘ನೂಲಿನ ಗೋದಾಮಿನ್ಯಾಗ ನಿಂತು ಕೂಗಿದ್ರ ನಮ್ಮ ಧ್ವನಿ ನಮಗ ಕೇಳಂಗಿಲ್ರಿ’ ಎಂದರು. ಹೋಗಿ ನೋಡಿದೆವು. ಮೂರು ಕಡೆ ನೂಲಿನ ಮೂಟೆ ಆಳೆತ್ತರಕ್ಕೆ ಒಟ್ಟಿದ್ದವು. ಆಡಿಯಾಲಜಿಸ್ಟ್ ಸಪ್ಪಳ ಅಳೆಯುವ ಮೀಟರು ಹಿಡಿದು ಒಳಗೆ ನಿಂತಳು, ಅಂಕಿ ಇಳಿಯುತ್ತಾ ಹೋಯಿತು. ಅದೇ ಮೀಟರು ಹಿಂದಿನ ದಿನ ನಮ್ಮ ಮಗ್ಗದ ಕೋಣೆಯಲ್ಲಿ 90 ದಾಟಿ ನಿಂತಿತ್ತು. ಕಾರ್ಖಾನೆಗಳ ನಿಯಮದಲ್ಲಿ ದಿನಕ್ಕೆ 8 ತಾಸಿಗೆ 90 ಡೆಸಿಬೆಲ್ ಮಿತಿ. 95 ಆದರೆ 4 ತಾಸು, 100 ಆದರೆ 2 ತಾಸು ಮಾತ್ರ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಗದ್ದಲದಿಂದಾಗುವ ಕಿವುಡನ್ನು ಕೆಲಸದಿಂದ ಬರುವ ರೋಗ ಎಂದು ಪಟ್ಟಿ ಮಾಡಿತ್ತು. ಆದರೆ ವಿದ್ಯುತ್ ಬಳಸುವ ಕಡೆ ಕಾರ್ಖಾನೆ ಎನಿಸಿಕೊಳ್ಳಲು ಅದು ಇಟ್ಟಿದ್ದ ಗೆರೆ ಹತ್ತು ಕೆಲಸಗಾರರು. ಮನೆಯೊಳಗಿನ ನಾಲ್ಕು ಮಗ್ಗ ಆ ಲೆಕ್ಕಕ್ಕೆ ಸಿಗುವುದಿಲ್ಲ. ಸಪ್ಪಳ ಮಾತ್ರ ಅಷ್ಟೇ ಇರುತ್ತದೆ.

ಅಮಾವಾಸ್ಯೆಯ ಹಿಂದಿನ ಸಂಜೆ 6ಕ್ಕೆ ಒಂದೊಂದೇ ಮನೆಯ ಮಗ್ಗ ನಿಂತವು. ಕರೆಂಟು ಹೋದಾಗ ಬಿಟ್ಟರೆ ಅಷ್ಟು ಹೊತ್ತಿಗೆ ನಮ್ಮ ಓಣಿ ಸುಮ್ಮನಾಗಿದ್ದನ್ನು ನಾನು ಕಂಡಿರಲಿಲ್ಲ. ಬಾವಿಯ ರಾಟೆಯ ಕಿರ್ ಸಪ್ಪಳ ಮೂರು ಮನೆಯಾಚೆಗೂ ಬರುತ್ತಿತ್ತು. ಕಟ್ಟೆಯ ಮೇಲೆ ಕೂತ ಗಂಡಸರು ಅಭ್ಯಾಸಬಲದಿಂದ ಗಟ್ಟಿಯಾಗಿಯೇ ಮಾತಾಡುತ್ತಿದ್ದರು.

ಮರುದಿನ ಅವ್ವನ ಸರದಿ ಬಂದಾಗ ನಾನು ಗೋದಾಮಿನ ಬಾಗಿಲಲ್ಲಿ ನಿಂತಿದ್ದೆ, ಅವ್ವನೇ ಇರು ಎಂದಿದ್ದಳು. ಸೆರಗು ಹಿಂದೆ ಸರಿಸಿ, ಬೆಂಡೋಲೆ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಕಿವಿಗೆ ಹೆಡ್‌ಫೋನ್ ಹಾಕಿದರು. ಸಪ್ಪಳ ಕೇಳಿದರೆ ಬೆರಳು ಎತ್ತಬೇಕು, ಎಷ್ಟು ಸಣ್ಣದಿದ್ದರೂ. ಅವ್ವ ಕಣ್ಣು ಮುಚ್ಚಿದಳು. ಮೊದಮೊದಲು ಬೆರಳು ಚುರುಕಾಗಿ ಏಳುತ್ತಿತ್ತು, ಏಳುವಾಗೊಮ್ಮೆ ತುಟಿಯಲ್ಲಿ ಸಣ್ಣ ನಗು. ಆಮೇಲೆ ಆಡಿಯಾಲಜಿಸ್ಟ್ ಗುಂಡಿ ತಿರುಗಿಸಿದಳು. ಯಂತ್ರದ ಮೇಲಿನ ಚುಕ್ಕಿ ದೀಪ ಹತ್ತಿತು, ಅವ್ವನ ಕೈ ಮೊಣಕಾಲ ಮೇಲೆ ಸುಮ್ಮನಿತ್ತು. ಮತ್ತೆ ಹತ್ತಿತು. ಮತ್ತೆ. ಅವ್ವ ಇನ್ನೂ ಕಾಯುತ್ತಿದ್ದಳು, ನಗು ಹಾಗೇ ಇತ್ತು. ನಾನು ಬೆಂಡೋಲೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡೆ.

ಹದಿನೈದು ದಿನಕ್ಕೆ ತಂಡ ಹೇಳಿದಂತೆ ಬಂತು, ಒಬ್ಬೊಬ್ಬರನ್ನೇ ಕೂಡಿಸಿ ಚೀಟಿ ಕೊಟ್ಟಿತು. ಚೀಟಿಯಲ್ಲಿ ಚೌಕಳಿ ಹಾಳೆಯ ಮೇಲೆ ಗೆರೆ. ಎಡಗಡೆ ಮೇಲೆಯೇ ಸಮನಾಗಿ ಬಂದು, 4000ದ ಹತ್ತಿರ ಬಾವಿಯಂತೆ ಕೆಳಗಿಳಿದು, ಮತ್ತೆ ಸ್ವಲ್ಪ ಏರುವ ಗೆರೆ. ಇದನ್ನು ಜನರಿಗೆ ತಿಳಿಸುವುದು ಹೇಗೆ ಎಂದು ವಿದ್ಯಾರ್ಥಿಗಳು ಚಿಂತೆ ಮಾಡಿಕೊಂಡು ಬಂದಿದ್ದರು. ಆದರೆ ನಮ್ಮವರು ಸೀರೆಯ ಅಂಚಿನ ನಕ್ಷೆಯನ್ನು ಚೌಕಳಿ ಹಾಳೆಯ ಮೇಲೆಯೇ ನೋಡಿ ಬೆಳೆದವರು. ನಕ್ಷೆ ತೆಗೆಯುವ ಮಾಮಾ ಒಬ್ಬರು ತಮ್ಮ ಚೀಟಿ ಬೆಳಕಿಗೆ ಹಿಡಿದು, ‘ಇಲ್ಲೆ ನಾಕ್ ಎಳಿ ಹರದಾವ ನೋಡ್ರಿ’ ಎಂದು ಆ ತಗ್ಗಿನ ಮೇಲೆ ಉಗುರು ಇಟ್ಟರು. ಆಮೇಲೆ ವಿದ್ಯಾರ್ಥಿಗಳು ಎಲ್ಲರಿಗೂ ಹಾಗೇ ಹೇಳತೊಡಗಿದರು.

ಹರಿದ ಎಳೆ ಮತ್ತೆ ಕೂಡುವುದಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಒಳಗಿವಿಯ ಕೂದಲಿನಂಥ ಜೀವಕೋಶ ಒಮ್ಮೆ ಸತ್ತರೆ ಸತ್ತಿತು. ಉಳಿದದ್ದನ್ನು ಕಾಯಬಹುದು. ಕಿವಿಗೆ ಹಾಕುವ ಫೋಮಿನ ಬಿರಡೆ ತಂದಿದ್ದರು, ಅದಕ್ಕೆ ದೊಡ್ಡ ವಾದವೇ ನಡೆಯಿತು. ನೇಕಾರ ಮಗ್ಗವನ್ನು ಕಣ್ಣಿಗಿಂತ ಹೆಚ್ಚು ಕಿವಿಯಿಂದ ಕಾಯುತ್ತಾನೆ. ಸಪ್ಪಳ ಬದಲಾಯಿತೆಂದರೆ ಎಳೆ ಹರಿದಿದೆ, ಲಾಳಿ ಸಿಕ್ಕಿದೆ. ಕಿವಿ ಮುಚ್ಚಿಕೊಂಡರೆ ಸೀರೆ ಕೆಡುತ್ತದೆ, ಕೆಟ್ಟ ಸೀರೆಗೆ ಮಜೂರಿ ಕಡಿತ. ಬಿರಡೆ ಎಲ್ಲ ಸಪ್ಪಳವನ್ನೂ ತಗ್ಗಿಸುತ್ತದೆ, ಬದಲಾವಣೆ ಆಗಲೂ ತಿಳಿಯುತ್ತದೆ ಎಂದು ಆಡಿಯಾಲಜಿಸ್ಟ್ ಹೇಳಿದಳು. ‘ಹಂಗಾರ ಒಂದ್ ವಾರ ಹಾಕ್ಕೊಂಡ ನೋಡತೀವಿ’ ಎಂದರು ನಾಲ್ಕು ಮಂದಿ. ಇಬ್ಬರಿಗೆ ಹೊಂದಿತು. ಇಬ್ಬರು ಬೆವರಿಗೆ, ನೂಲಿನ ಧೂಳಿಗೆ ಕಿವಿ ತುರಿಸುತ್ತದೆ ಎಂದು ಬಿಟ್ಟರು. ನಮ್ಮ ಬೇಸಿಗೆಯಲ್ಲಿ ತಗಡಿನ ಮಾಳಿಗೆಯ ಕೆಳಗೆ ಅದು ನಿಜ. ಬಳಿಕ ಮಗ್ಗ ರಿಪೇರಿ ಮಾಡುವ ಜಾಬರ್ ಮುಂದೆ ಬಂದು, ಲಾಳಿ ಬಡಿಯುವ ಕಡೆ ಸವೆದ ಚರ್ಮ ಬದಲಿಸಿ, ಮಗ್ಗದ ಕಾಲಡಿ ರಬ್ಬರು ಹಾಕಿ ತೋರಿಸಿದ. ಮೀಟರು ತುಸು ಇಳಿಯಿತು. ಇಳಿದದ್ದು ಸಣ್ಣದೇ, ಆದರೂ ಒಂದಿಷ್ಟು ಮನೆಯವರು ಮಾಡಿಸಿಕೊಂಡರು. ನನ್ನನ್ನು ಕೇಳಿದರೆ, ಬಿರಡೆ ಹಾಕಿಕೊಳ್ಳಿರಿ ಎಂದು ನೇಕಾರನಿಗೆ ಹೇಳುವ ಮೊದಲು ಮಗ್ಗವನ್ನು ರಿಪೇರಿ ಮಾಡಿಸುವ ದುಡ್ಡು ಯಾರದು ಎಂಬುದನ್ನು ಮಾತಾಡಬೇಕು.

ಅವ್ವನಿಗೆ ಶ್ರವಣ ಯಂತ್ರ ಸಿಗುವುದೇ ಎಂದು ವಿಚಾರಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಶ್ರವಣದೋಷ ಎನ್ನಬೇಕಾದರೆ ಮಾತಿನ ಶ್ರುತಿಗಳಲ್ಲಿ ಎರಡೂ ಕಿವಿಗೆ 60 ಡೆಸಿಬೆಲ್ ನಷ್ಟವಾಗಿರಬೇಕು. ಅವ್ವನ ಕೆಳಗಿನ ಶ್ರುತಿಗಳು ಚೆನ್ನಾಗಿಯೇ ಇವೆ, ಸರಾಸರಿ ತೆಗೆದರೆ ಆ ಗೆರೆ ಮುಟ್ಟುವುದಿಲ್ಲ. ಮಗಳ ಫೋನು ತಿಳಿಯದು, ಪ್ರಮಾಣಪತ್ರವೂ ಸಿಗದು. ಪ್ರಮಾಣಪತ್ರ ಸಿಗದ ಅವ್ವನಂಥವರ ಮಾತು, ಕಂಡಿಕಿಯವರನ್ನೂ ನೇಕಾರರೆಂದು ಎಣಿಸಬೇಕೆಂಬ ಮಾತು ಎರಡೂ ಸೇರಿಸಿ ಒಂದು ಮನವಿ ಬರೆದೆವು. ಅಂಕಿ ಕಾಲೇಜಿನದು, ಒಕ್ಕಣೆ ನಮ್ಮದು, ಸಹಿ ಎಲ್ಲರದು.

ನಡುವೆ ಒಂದು ಬೇಸರವೂ ಆಯಿತು. ಒಬ್ಬ ವಿದ್ಯಾರ್ಥಿಯ ಪ್ರಬಂಧ ಒಪ್ಪಿಸುವ ತಾರೀಖು ಬಂದಿತ್ತು. ಅಂಕಿ ಸಿಕ್ಕಿದೆ, ಇನ್ನು ಬರುವುದು ಕಷ್ಟ ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನ ಪರೀಕ್ಷೆ ಅವನಿಗೆ ದೊಡ್ಡದು. ಆದರೆ ಪೌಳಿಯ ಅಜ್ಜ ಆ ಗೆರೆ ಹಾಳೆಯನ್ನು ಇಟ್ಟುಕೊಂಡಿದ್ದರು. ತೆಗೆದು ಮೇಡಂ ಮುಂದೆ ಹಿಡಿದರು, ಏನೂ ಮಾತಾಡಲಿಲ್ಲ. ವರ್ಷಕ್ಕೊಮ್ಮೆ ಮರುಪರೀಕ್ಷೆ ವಿಭಾಗದ ಕೆಲಸ, ವಿದ್ಯಾರ್ಥಿ ಯಾರೇ ಬರಲಿ ಹೋಗಲಿ ಎಂದು ಅವರು ಅದರ ಕೆಳಗೆ ಬರೆದುಕೊಟ್ಟರು.

ನಮ್ಮ ಮನೆಯಲ್ಲಿ ಈಗ ಊಟಕ್ಕೆ ಕೂತವರು ‘ಸಾಕು’ ಅನ್ನುವುದಿಲ್ಲ. ‘ಬ್ಯಾಡ’ ಅನ್ನುತ್ತೇವೆ. ಬ, ಡ ಎರಡೂ ಕೆಳಗಿನ ಶ್ರುತಿಯವು, ಅವ್ವನಿಗೆ ತಿಳಿಯುತ್ತವೆ. ಇದನ್ನು ಕಂಡುಹಿಡಿದವನು ನನ್ನ ಅಣ್ಣನ ಮಗ, ಐದನೇ ಇಯತ್ತೆ. ಆಡಿಯಾಲಜಿಸ್ಟ್ ಅದನ್ನು ತನ್ನ ವಹಿಯಲ್ಲಿ ಬರೆದುಕೊಂಡಳು, ಈಗ ಬೇರೆ ಮನೆಗಳಿಗೂ ಹೇಳುತ್ತಾಳೆ.

ಈ ತಿಂಗಳ ಅಮಾವಾಸ್ಯೆಗೆ ಎರಡನೇ ವರ್ಷದ ಪರೀಕ್ಷೆ. ಯಾದಿಯಲ್ಲಿ ಈ ಸಲ ಪಕ್ಕದ ಎರಡು ಓಣಿಯ ಕಂಡಿಕಿಯವರೂ ಇದ್ದಾರೆ. ಗೋದಾಮಿನ ಕೀಲಿ ಹಿಂದಿನ ಸಂಜೆಯೇ ಇಸಿದುಕೊಳ್ಳಬೇಕು, ಮೂಟೆ ಮೂರೂ ಕಡೆ ಆಳೆತ್ತರ ಇವೆಯೋ ಇಲ್ಲವೋ ನೋಡಬೇಕು. ಹೋದ ವಾರ ಬಹಳಷ್ಟು ನೂಲು ಸಾಗಿಸಿದ್ದಾರೆ.